ಮಾತನಾಡಲೂ ಬರುವ ಟ್ಯಾಬ್ಲೆಟ್: ಕೊಳ್ಳುವ ಮುನ್ನ

ಕಳೆದ ಕಾರ್ತಿಕ ಮಾಸದಲ್ಲಿ ತಿಪಟೂರು ಕಡೆಯ ರೈತರೊಬ್ಬರು ನಮ್ಮ ಸಂಶೋಧನಾ ಕೇಂದ್ರಕ್ಕೆ ಬಂದಿದ್ದರು. ಬಿಳಿನೊಣ ಹತ್ತಿದ ತೆಂಗಿನ ಗರಿಯನ್ನು ತಂದಿರಬಹುದೆಂದು ನಾನು ಎಣಿಸಿದೆ. ಅವರು ಕೈಚೀಲದಿಂದ ತೆಗೆದದ್ದು ಹೊಸದೊಂದು ಟ್ಯಾಬ್ಲೆಟ್. ಕೊಬ್ಬರಿ ಮಾರಿದ ಹಣದಲ್ಲಿ 13,000 ರೂಪಾಯಿ ಕೊಟ್ಟು ಕೊಂಡದ್ದು.

“ಸಿಮ್ ಹಾಕಿದೀನಿ ಸಾರ್. ಹವಾಮಾನ ಬರುತ್ತೆ, ವಿಡಿಯೋ ಬರುತ್ತೆ. ಫೋನ್ ಮಾತ್ರ ಹೋಗಲ್ಲ, ಬರೋದೂ ಇಲ್ಲ. ನಮ್ಮಮ್ಮನಿಗೇ ಅಂತ ತಂದಿದ್ದು” ಎಂದರು.

ಅವರ ತಾಯಿಗೆ ಎಪ್ಪತ್ತೈದು ದಾಟಿದೆ, ಕಣ್ಣು ಮಂದ. ಸಣ್ಣ ಫೋನಿನ ಅಕ್ಷರಗಳು ಅವರಿಗೆ ಕಾಣುವುದಿಲ್ಲ. ದೊಡ್ಡ ಪರದೆಯ ಮೇಲೆ ಮಕ್ಕಳ ಫೋಟೋ ಇಟ್ಟು, ಫೋಟೋ ಮುಟ್ಟಿದರೆ ಕರೆ ಹೋಗುವಂತೆ ಮಾಡಿಕೊಡಬೇಕೆಂಬುದು ಮಗನ ಆಸೆ. ಮನೆಯಲ್ಲಿದ್ದ ಒಂದೇ ಫೋನು ಬೆಳಿಗ್ಗೆ ಅವರ ಜೊತೆ ತೋಟಕ್ಕೆ ಹೋದರೆ ಹಿಂದಿರುಗುವುದು ಸಂಜೆಗೇ. ಅಷ್ಟು ಹೊತ್ತು ಮುದುಕಿ ಮನೆಯಲ್ಲಿ ಒಬ್ಬರೇ. ಪೆಟ್ಟಿಗೆ ಒಡೆದಾಗಿದೆ ಎಂಬ ಕಾರಣ ಹೇಳಿ ಅಂಗಡಿಯವರು ಟ್ಯಾಬ್ಲೆಟ್ಟನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

ಅವರಿಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ. ಪ್ರಯೋಗ ತಾಕುಗಳ ಲೆಕ್ಕ ಬರೆದುಕೊಳ್ಳಲೆಂದು ಕೆಲವು ವರ್ಷಗಳ ಹಿಂದೆ ನಾನು ಸ್ವಂತ ದುಡ್ಡಿನಲ್ಲಿ ಕೊಂಡ ಟ್ಯಾಬ್ಲೆಟ್ಟಿನದೂ ಇದೇ ಕಥೆ. “ಸಿಮ್ ಹಾಕಬಹುದೇ?” ಎಂದು ಕೇಳಿದ್ದೆ. “ಹಾಕಬಹುದು” ಎಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ತಳಿಯ ಹೆಸರನ್ನು ಕೇಳಿ, ಮೊಳಕೆಯ ಪ್ರಮಾಣವನ್ನು ಕೇಳದೆ ಬೀಜದ ಚೀಲ ಹೊತ್ತು ತಂದಂತೆ ಆಗಿತ್ತು.

ಸಿಮ್ ಬೇರೆ, ಕರೆ ಬೇರೆ

ಟ್ಯಾಬ್ಲೆಟ್ ಎಂದರೆ ಸ್ಮಾರ್ಟ್ ಫೋನಿನ ದೊಡ್ಡಣ್ಣ ಎಂದು ಹಲವರು ತಿಳಿದಿದ್ದಾರೆ. ಆಕಾರಕ್ಕೆ ಅದು ನಿಜ. ಒಳಗಿನ ವ್ಯವಸ್ಥೆ ಮಾತ್ರ ಎಲ್ಲದರಲ್ಲೂ ಒಂದೇ ಅಲ್ಲ. 2010ರಲ್ಲಿ ಸ್ಯಾಮ್‌ಸಂಗ್ ಕಂಪನಿ ಹೊರತಂದ ಮೊದಲ ಗ್ಯಾಲಕ್ಸಿ ಟ್ಯಾಬ್ 7 ಅಂಗುಲದ್ದು, ನಮ್ಮ ದೇಶದಲ್ಲಿ ಮಾರಾಟವಾದ ಆ ಯಂತ್ರದಿಂದ ಫೋನಿನಂತೆಯೇ ಕರೆ ಮಾಡಬಹುದಾಗಿತ್ತು. ಮರುವರ್ಷ, 2011ರ ಅಕ್ಟೋಬರಿನಲ್ಲಿ, ವಿದ್ಯಾರ್ಥಿಗಳಿಗಾಗಿ ದೆಹಲಿಯಲ್ಲಿ ಬಿಡುಗಡೆಯಾದ ಅಗ್ಗದ ‘ಆಕಾಶ್’ ಟ್ಯಾಬ್ಲೆಟ್ ವೈ-ಫೈ ಮೂಲಕ ಮಾತ್ರ ಕೆಲಸ ಮಾಡುತ್ತಿತ್ತು. ಅಂದರೆ ಮಾತನಾಡುವ ಟ್ಯಾಬ್ಲೆಟ್, ಮಾತನಾಡದ ಟ್ಯಾಬ್ಲೆಟ್ ಎಂಬ ಎರಡು ಜಾತಿಗಳು ಮೊದಲಿನಿಂದಲೂ ಇವೆ. ಇವೆರಡರ ನಡುವೆ ಮೂರನೆಯದೊಂದು ಇದೆ. ರೈತರು ಮೋಸ ಹೋಗುವುದು ಅದರಲ್ಲಿಯೇ.

ಮೊದಲನೆಯ ಬಗೆ ಬರೀ ವೈ-ಫೈಯದು. ಇದಕ್ಕೆ ಸಿಮ್ ಹಾಕುವ ಜಾಗವೇ ಇರುವುದಿಲ್ಲ. ಮನೆಯಲ್ಲಿ ವೈ-ಫೈ ಇದ್ದರೆ, ಇಲ್ಲವೇ ಇನ್ನೊಂದು ಫೋನಿನ ಹಾಟ್‌ಸ್ಪಾಟ್‌ನಿಂದ ಇಂಟರ್ನೆಟ್ ಪಡೆದರೆ ಮಾತ್ರ ಉಪಯೋಗ. ಮೂರನೆಯ ಬಗೆಯದಕ್ಕೆ ಸಿಮ್ ಹಾಕಿದರೆ ಇಂಟರ್ನೆಟ್ಟೂ ಬರುತ್ತದೆ, ಸಾಮಾನ್ಯ ಕರೆಯೂ ಹೋಗುತ್ತದೆ, ಎಸ್ಸೆಮ್ಮೆಸ್ಸೂ ಬರುತ್ತದೆ. ನಡುವಿನ ಬಗೆಯದಕ್ಕೆ ಸಿಮ್ ಹಾಕಬಹುದು, ಇಂಟರ್ನೆಟ್ ಸೊಗಸಾಗಿ ಬರುತ್ತದೆ, ಆದರೆ ಕರೆ ಮಾಡುವ ಸೌಲಭ್ಯವನ್ನು ತಯಾರಕರು ಕೊಟ್ಟಿರುವುದಿಲ್ಲ. ಬೆಲೆ ಹೆಚ್ಚಿದ್ದರೆ ಕರೆಯೂ ಇದ್ದೇ ಇರುತ್ತದೆ ಎಂದು ಭಾವಿಸಬಾರದು. ಆಪಲ್ ಕಂಪನಿಯ ಐಪ್ಯಾಡ್ ಎಷ್ಟು ದುಬಾರಿಯದಾದರೂ, ಸಿಮ್ ಹಾಕುವ ಮಾದರಿಯೇ ಆದರೂ, ಅದರಿಂದ ಸಾಮಾನ್ಯ ಮೊಬೈಲ್ ಕರೆ ಮಾಡಲು ಬರುವುದಿಲ್ಲ.

ವಾಟ್ಸ್‌ಆ್ಯಪ್ ಕರೆ ಹೋಗುತ್ತದಲ್ಲ ಎಂದು ಕೆಲವು ಅಂಗಡಿಯವರು ಹೇಳುವುದುಂಟು. ಅದು ಇಂಟರ್ನೆಟ್ ಇದ್ದಾಗ, ಆ ಕಡೆಯವರ ಬಳಿಯೂ ವಾಟ್ಸ್‌ಆ್ಯಪ್ ಇದ್ದಾಗ ಮಾತ್ರ. ಅದರಿಂದ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗದು. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೂ ಅಷ್ಟೆ. ಪ್ಲೇ ಸ್ಟೋರ್‌ನಿಂದ ಡಯಲ್ ಮಾಡುವ ಆ್ಯಪ್ ಇಳಿಸಿಕೊಂಡರೆ ಸರಿಹೋಗುತ್ತದೆ ಎಂಬ ಮಾತನ್ನೂ ನಂಬಬೇಡಿ. ತಿಪಟೂರಿನ ರೈತರು ಅಂಥ ನಾಲ್ಕು ಆ್ಯಪ್‌ಗಳನ್ನು ಇಳಿಸಿ ನೋಡಿಯೇ ನಮ್ಮಲ್ಲಿಗೆ ಬಂದಿದ್ದರು.

ಇನ್ನೊಂದು ತೊಡಕು ಹೆಸರಿನದು. ಒಂದೇ ಹೆಸರಿನಲ್ಲಿ ಎರಡು ಬಗೆಯವು ಮಾರಾಟವಾಗುತ್ತವೆ. ಉದಾಹರಣೆಗೆ, 2023ರಲ್ಲಿ ಬಂದ ಗ್ಯಾಲಕ್ಸಿ ಟ್ಯಾಬ್ ಎ9ರಲ್ಲಿ ಎಸ್‌ಎಂ-ಎಕ್ಸ್110 ಎಂಬುದು ಬರೀ ವೈ-ಫೈಯದು, ಎಸ್‌ಎಂ-ಎಕ್ಸ್115 ಎಂಬುದು ಸಿಮ್ ಹಾಕುವಂಥದು. ಹೊರಗಿನಿಂದ ನೋಡಿದರೆ ಅವಳಿ ಜವಳಿ. ವ್ಯತ್ಯಾಸ ಇರುವುದು ಪೆಟ್ಟಿಗೆಯ ಮೇಲಿನ ಕೊನೆಯ ಒಂದು ಅಂಕಿಯಲ್ಲಿ. ಶಿಯೋಮಿ ಕಂಪನಿಯ ರೆಡ್‌ಮಿ ಪ್ಯಾಡ್ ಎಸ್‌ಇ 8.7 ಎಂಬುದರಲ್ಲಿಯೂ ಹೀಗೆಯೇ ಎರಡು ಮಾದರಿಗಳಿದ್ದು, ಸಿಮ್ ಇರುವುದರ ಹೆಸರಿನ ಕೊನೆಯಲ್ಲಿ ‘4ಜಿ’ ಎಂದು ಸೇರಿಸಿದ್ದಾರೆ. ಈ ಹೆಸರುಗಳನ್ನು ನಾನು ಶಿಫಾರಸು ಮಾಡಲೆಂದು ಕೊಟ್ಟಿಲ್ಲ. ಟ್ಯಾಬ್ಲೆಟ್ಟಿನ ಮಾದರಿಗಳು ನಮ್ಮ ತರಕಾರಿ ಹೈಬ್ರಿಡ್‌ಗಳಿಗಿಂತ ಬೇಗ ಬದಲಾಗುತ್ತವೆ. ಹೆಸರನ್ನು ನೆಚ್ಚಿಕೊಳ್ಳದೆ ಮಾದರಿ ಸಂಖ್ಯೆಯನ್ನು ಓದಿ ಕೊಳ್ಳುವ ಅಭ್ಯಾಸ ಆಗಲೆಂದು ಹೇಳಿದೆ.

ನಿಮ್ಮ ಊರಿನ ಸಿಗ್ನಲ್ಲಿಗೆ ಹೊಂದುವುದೇ?

ಭೂಮಿಯ ಗುಣ ನೋಡದೆ ತಳಿ ಆರಿಸುವುದು ಹೇಗೆ ತಪ್ಪೋ, ಊರಿನ ಸಿಗ್ನಲ್ ನೋಡದೆ ಟ್ಯಾಬ್ಲೆಟ್ ಆರಿಸುವುದೂ ಹಾಗೆಯೇ. 4ಜಿ ಎಂಬ ಜಾಲ ಹುಟ್ಟಿದ್ದು ಇಂಟರ್ನೆಟ್ಟಿಗಾಗಿ. ಅದರ ಮೇಲೆ ಮಾತನ್ನು ಸಾಗಿಸಲು ‘ವೋಲ್ಟಿ’ ಎಂಬ ಪ್ರತ್ಯೇಕ ಏರ್ಪಾಡು ಯಂತ್ರದಲ್ಲಿ ಇರಬೇಕು. 2016ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದ ಜಿಯೋ ಕಂಪನಿಗೆ 2ಜಿ, 3ಜಿ ಜಾಲಗಳೇ ಇಲ್ಲವಾದುದರಿಂದ, ವೋಲ್ಟಿ ಇಲ್ಲದ ಯಂತ್ರಕ್ಕೆ ಜಿಯೋ ಸಿಮ್ ಹಾಕಿದರೆ ಸಾಮಾನ್ಯ ಕರೆ ಹೋಗುವುದಿಲ್ಲ. 2ಜಿ ಇನ್ನೂ ನಡೆಸುತ್ತಿರುವ ಕಂಪನಿಗಳ ಸಿಮ್ ಆದರೆ ಕರೆಯ ಹೊತ್ತಿಗೆ ಯಂತ್ರವು 2ಜಿಗೆ ಇಳಿಯುತ್ತದೆ. ಮಾತು ಮುಗಿಯುವವರೆಗೆ ಇಂಟರ್ನೆಟ್ ನಿಂತಿರುತ್ತದೆ. ಹಳೆಯ ಟ್ಯಾಬ್ಲೆಟ್ ಅಗ್ಗವಾಗಿ ಸಿಗುತ್ತದೆಂದು ಕೊಳ್ಳುವವರು ಇದನ್ನು ವಿಶೇಷವಾಗಿ ಗಮನಿಸಬೇಕು. 3ಜಿವರೆಗೆ ಮಾತ್ರ ಬರುವ ಯಂತ್ರವನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಯೋಚಿಸಬೇಕು, ಏಕೆಂದರೆ ಖಾಸಗಿ ಕಂಪನಿಗಳು 3ಜಿ ಜಾಲವನ್ನು ಬಹುಮಟ್ಟಿಗೆ ಮುಚ್ಚಿವೆ.

ಎರಡನೆಯದಾಗಿ ತರಂಗಗಳ ವಿಚಾರ. ಮೊಬೈಲ್ ಗೋಪುರದಿಂದ ಬರುವ ತರಂಗಗಳು ಒಂದೇ ಬಗೆಯವಲ್ಲ. 700, 850, 900 ಮೆಗಾಹರ್ಟ್ಸ್‌ನವು ದೂರ ಹೋಗುತ್ತವೆ, ಗೋಡೆಗಳನ್ನೂ ಮರಗಳನ್ನೂ ತಕ್ಕಮಟ್ಟಿಗೆ ದಾಟುತ್ತವೆ. 2300 ಮೆಗಾಹರ್ಟ್ಸ್‌ನದು ಹೆಚ್ಚು ಇಂಟರ್ನೆಟ್ಟನ್ನು ಹೊತ್ತು ತರುತ್ತದೆ, ಆದರೆ ಬೇಗ ಸೋಲುತ್ತದೆ. ಪ್ರತಿ ತರಂಗಕ್ಕೂ ‘ಬ್ಯಾಂಡ್’ ಎಂಬ ಸಂಖ್ಯೆ ಇದೆ. 2300 ಎಂದರೆ ಬ್ಯಾಂಡ್ 40, 1800 ಎಂದರೆ ಬ್ಯಾಂಡ್ 3. ದೂರ ಸಾಗುವವುಗಳಲ್ಲಿ 850 ಎಂಬುದು ಬ್ಯಾಂಡ್ 5, 900 ಎಂಬುದು ಬ್ಯಾಂಡ್ 8, 700 ಎಂಬುದು ಬ್ಯಾಂಡ್ 28. ಜಿಯೋ ಸಿಮ್ ಬಳಸುವವರು 5ನ್ನೂ, ಏರ್‌ಟೆಲ್‌ನವರು 8ನ್ನೂ, ಬಿಎಸ್‌ಎನ್‌ಎಲ್‌ನವರು 28ನ್ನೂ ಕೇಳಿ ನೋಡಬೇಕು. ಪೇಟೆಯವರಿಗೆ ಈ ಲೆಕ್ಕ ಅಷ್ಟಾಗಿ ಬೇಡ, ಗೋಪುರ ಅವರ ಮನೆಯ ಹಿಂದೆಯೇ ಇರುತ್ತದೆ. ಗೋಪುರದಿಂದ ಮೂರು ನಾಲ್ಕು ಕಿಲೋಮೀಟರ್ ಆಚೆ, ತೋಟದ ನಡುವಿನ ಮನೆಯಲ್ಲಿ ಇರುವವರಿಗೆ ಕರೆ ಹತ್ತುವುದೂ ಹತ್ತದಿರುವುದೂ ಇದೇ ಬ್ಯಾಂಡಿನ ಮೇಲೆ ನಿಲ್ಲಬಹುದು. ಯಂತ್ರದಲ್ಲಿ ಆ ಬ್ಯಾಂಡ್ ಇಲ್ಲದಿದ್ದರೆ ಗೋಪುರ ಎಷ್ಟು ಕೂಗಿದರೂ ಅದಕ್ಕೆ ಕೇಳಿಸದು.

5ಜಿ ಬೇಕೇ ಎಂದು ಕೇಳುವವರಿದ್ದಾರೆ. ಊರಿಗೆ 5ಜಿ ಬಂದಿಲ್ಲವಾದರೆ ಅದಕ್ಕಾಗಿ ಹೆಚ್ಚು ಹಣ ಕೊಡುವುದು ನೀರಿಲ್ಲದ ಬಾವಿಗೆ ದೊಡ್ಡ ಪಂಪು ಇಟ್ಟಂತೆ.

ಅಂಗಡಿಯಲ್ಲಿ ಮಾಡತಕ್ಕ ಪರೀಕ್ಷೆ

ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡಿ ಬಿತ್ತುವ ರೈತನಿಗೆ ಇದು ಹೊಸದೇನಲ್ಲ. ಹಣ ಕೊಡುವ ಮೊದಲು ಪ್ರದರ್ಶನಕ್ಕೆ ಇಟ್ಟಿರುವ ಯಂತ್ರವನ್ನು ಕೇಳಿ ಪಡೆಯಿರಿ. ಅದರ ಮಾದರಿ ಸಂಖ್ಯೆಯೂ ನೀವು ಕೊಳ್ಳಲಿರುವ ಪೆಟ್ಟಿಗೆಯ ಮಾದರಿ ಸಂಖ್ಯೆಯೂ ಒಂದೇ ಎಂದು ಖಚಿತಪಡಿಸಿಕೊಳ್ಳಿ. ನಿಮ್ಮ ಸ್ವಂತ ಸಿಮ್ಮನ್ನು ಅದಕ್ಕೆ ಹಾಕಿ. ಅಂಗಡಿಯವರ ಸಿಮ್ ಆಗದು, ಅವರದು ಬೇರೆ ಕಂಪನಿಯದಿರಬಹುದು. ಅಂಗಡಿಯ ವೈ-ಫೈಯನ್ನು ಆರಿಸಿ ಮನೆಗೆ ಒಂದು ಕರೆ ಮಾಡಿ, ಮನೆಯವರಿಂದ ನಿಮಗೊಂದು ಕರೆ ಮಾಡಿಸಿ. ಹೋಗುವುದೂ ಬರುವುದೂ ಎರಡೂ ಆಗಬೇಕು. ಒಂದು ಎಸ್ಸೆಮ್ಮೆಸ್ ಕಳಿಸಿ ನೋಡಿ. ಕರೆಯಲ್ಲಿರುವಾಗಲೇ ಇಂಟರ್ನೆಟ್ ತೆರೆದುಕೊಂಡರೆ ವೋಲ್ಟಿ ಇದೆ ಎಂದು ತಿಳಿಯಬಹುದು. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಅಂಗಡಿಯವರು ಬೇಸರಪಟ್ಟರೆ ಪಟ್ಟುಕೊಳ್ಳಲಿ, ಹಣ ನಿಮ್ಮದು.

ಸಿಮ್ ಹಾಕಲು ಒಪ್ಪದಿದ್ದರೆ ಇನ್ನೊಂದು ಉಪಾಯವಿದೆ. ಯಂತ್ರದಲ್ಲಿ ‘ಫೋನ್’ ಎಂಬ ಗುರುತು ಇದೆಯೇ ನೋಡಿ, ಅದನ್ನು ತೆರೆದು *#06# ಎಂದು ಒತ್ತಿ. 15 ಅಂಕಿಗಳ ಐಎಂಇಐ ಸಂಖ್ಯೆ ಪರದೆಯ ಮೇಲೆ ಮೂಡಬೇಕು. ಬರೀ ವೈ-ಫೈ ಟ್ಯಾಬ್ಲೆಟ್ಟಿಗೆ ಈ ಸಂಖ್ಯೆಯೇ ಇರುವುದಿಲ್ಲ. ಸಂಖ್ಯೆ ಇದ್ದ ಮಾತ್ರಕ್ಕೆ ಕರೆ ಇದೆ ಎಂದಲ್ಲ ಎಂಬುದನ್ನೂ ನೆನಪಿಡಿ. ಕರೆ ಮಾಡಿ ನೋಡುವುದಕ್ಕೆ ಸಮನಾದ ಪರೀಕ್ಷೆ ಬೇರೊಂದಿಲ್ಲ.

ಹಳೆಯದನ್ನು ಕೊಳ್ಳುವವರು ಇದೇ ಸಂಖ್ಯೆಯನ್ನು ‘ಕೆ ವೈ ಎಂ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಮುಂದೆ ಒಂದು ಜಾಗ ಬಿಟ್ಟು ಬರೆದು 14422ಕ್ಕೆ ಎಸ್ಸೆಮ್ಮೆಸ್ ಮಾಡಬೇಕು. ಅದು ಯಾವ ಕಂಪನಿಯ ಯಾವ ಮಾದರಿ ಎಂಬ ಉತ್ತರ ಬರುತ್ತದೆ. ಕೈಯಲ್ಲಿರುವ ಯಂತ್ರಕ್ಕೂ ಉತ್ತರಕ್ಕೂ ಹೊಂದದಿದ್ದರೆ ಕೊಳ್ಳದಿರುವುದೇ ಲೇಸು.

ಕಿವಿಗೆ ಇಟ್ಟುಕೊಳ್ಳುವ ಫೋನಲ್ಲ

ಕರೆ ಬಂದರೂ ಟ್ಯಾಬ್ಲೆಟ್ ಟ್ಯಾಬ್ಲೆಟ್ಟೇ. ಹೆಚ್ಚಿನವುಗಳಲ್ಲಿ ಕಿವಿಗೆ ಇಟ್ಟು ಕೇಳುವ ಸಣ್ಣ ಸ್ಪೀಕರ್ ಇರುವುದಿಲ್ಲ, ಮಾತೆಲ್ಲ ಗಟ್ಟಿಯಾಗಿ ಹೊರಗೇ ಕೇಳುತ್ತದೆ. ಬ್ಯಾಂಕಿನ ವಿಚಾರವನ್ನೋ ಮಗಳ ಸಂಬಂಧದ ಮಾತನ್ನೋ ಜಗುಲಿಯ ಮೇಲೆ ಕುಳಿತು ಆಡುವಂತಿಲ್ಲ. ಇಯರ್‌ಫೋನ್ ಸಿಕ್ಕಿಸುವ ತೂತು ಇರುವುದನ್ನೇ ಆರಿಸಿದರೆ ನೂರಿನ್ನೂರು ರೂಪಾಯಿಯಲ್ಲಿ ಈ ಕಷ್ಟ ತೀರುತ್ತದೆ. ಕಡಿಮೆ ಬೆಲೆಯ ಅನೇಕ ಟ್ಯಾಬ್ಲೆಟ್‌ಗಳಲ್ಲಿ ಕಂಪನದ ಏರ್ಪಾಡೂ ಇರುವುದಿಲ್ಲವಾದುದರಿಂದ ಸದ್ದು ಆರಿಸಿಟ್ಟರೆ ಕರೆ ಬಂದದ್ದೇ ತಿಳಿಯದು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಮನೆಯ ಏಕೈಕ ಫೋನಾಗಿ ಟ್ಯಾಬ್ಲೆಟ್ಟನ್ನು ಇಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಎರಡು ಯಂತ್ರದ ಖರ್ಚು ಉಳಿಯುತ್ತದೆ ಎಂಬ ಲೆಕ್ಕ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ರಾತ್ರಿ ಮೂರು ಫೇಸ್ ಕರೆಂಟ್ ಬಂತೆಂದು ಬ್ಯಾಟರಿ ಹಿಡಿದು ಪಂಪ್‌ಹೌಸಿಗೆ ಹೋದವನ ಕಾಲಿಗೆ ಹಾವು ಕಚ್ಚಿದರೆ ಟ್ಯಾಬ್ಲೆಟ್ ಮನೆಯ ಗೂಡಿನಲ್ಲಿರುತ್ತದೆ, ಜೇಬಿನಲ್ಲಲ್ಲ. ಸಾವಿರ ಎರಡು ಸಾವಿರ ರೂಪಾಯಿಯ ಗುಂಡಿ ಫೋನೊಂದು ಸದಾ ಜೇಬಿನಲ್ಲಿರಲಿ. ಮನೆಯಲ್ಲಿ ಉಳಿಯುವವರಿಗೆ, ಅಕ್ಷರ ದೊಡ್ಡದಾಗಿ ಬೇಕಾದವರಿಗೆ, ಮಕ್ಕಳ ಪಾಠಕ್ಕೆ, ಎರಡನೆಯ ಫೋನಾಗಿ ಟ್ಯಾಬ್ಲೆಟ್ ಬಹಳ ಅನುಕೂಲ. ನಲವತ್ತು ದಾಟಿದ ಮೇಲೆ ನನಗೂ ಕನ್ನಡಕ ಬಂದಿದೆ, ಪಹಣಿಯನ್ನು ಫೋನಿನಲ್ಲಿ ಓದುವ ಕಷ್ಟ ಚೆನ್ನಾಗಿ ಗೊತ್ತು.

ಮನೆಯಲ್ಲಿ ಈಗಾಗಲೇ ಒಳ್ಳೆಯ ಸ್ಮಾರ್ಟ್ ಫೋನುಗಳು ಎರಡಿದ್ದರೆ ಕರೆಯ ಸೌಲಭ್ಯಕ್ಕೆ ಹಣ ಹಾಕುವುದೇ ಬೇಡ. ಬರೀ ವೈ-ಫೈಯದನ್ನು ಕೊಂಡು ಫೋನಿನ ಹಾಟ್‌ಸ್ಪಾಟ್ ಬಳಸಬಹುದು. ತಿಪಟೂರಿನವರು ಕೊನೆಗೆ ಮಾಡಿದ್ದು ಬೇರೆಯೇ. ತಾಯಿಗೆ ದೊಡ್ಡ ಗುಂಡಿಗಳ 4ಜಿ ಫೋನು ತಂದುಕೊಟ್ಟು, ಟ್ಯಾಬ್ಲೆಟ್ಟನ್ನು ತಾವಿಟ್ಟುಕೊಂಡರು. ಫೋಟೋ ಮುಟ್ಟಿ ಕರೆ ಮಾಡುವ ಆಸೆ ಮಾತ್ರ ಹಾಗೆಯೇ ಉಳಿಯಿತು. ಕರೆ ಬರುವ ಟ್ಯಾಬ್ಲೆಟ್ಟಿನಲ್ಲಿ ಅದು ಕಷ್ಟದ ಕೆಲಸವಲ್ಲ. ಪರದೆಯ ಖಾಲಿ ಜಾಗವನ್ನು ಒತ್ತಿ ಹಿಡಿದು, ‘ವಿಜೆಟ್’ ಎಂಬಲ್ಲಿ ಸಂಪರ್ಕಗಳ ಕೆಳಗಿರುವ ‘ಡೈರೆಕ್ಟ್ ಡಯಲ್’ ಆರಿಸಿ ಮಗನ ಹೆಸರು ಕೊಟ್ಟರೆ ಮುಗಿಯಿತು.

ಸಿಮ್ಮನ್ನು ಫೋನಿನಿಂದ ಟ್ಯಾಬ್ಲೆಟ್ಟಿಗೆ ಬದಲಾಯಿಸುವ ಮುನ್ನ ಯೋಚಿಸಿ. ಬ್ಯಾಂಕಿಗೆ, ಫ್ರೂಟ್ಸ್ ನೋಂದಣಿಗೆ, ಆಧಾರಿಗೆ ಕೊಟ್ಟಿರುವ ನಂಬರ್ ಅದೇ ಆಗಿದ್ದರೆ ಒಟಿಪಿ ಎಲ್ಲ ಟ್ಯಾಬ್ಲೆಟ್ಟಿಗೆ ಹೋಗುತ್ತದೆ, ನೀವು ತಾಲೂಕು ಕಚೇರಿಯ ಸಾಲಿನಲ್ಲಿ ನಿಂತಿರುತ್ತೀರಿ. ಯುಪಿಐ ನೋಂದಣಿಗೆ ಬ್ಯಾಂಕಿನಲ್ಲಿ ದಾಖಲಾದ ನಂಬರಿನ ಸಿಮ್ ಅದೇ ಯಂತ್ರದಲ್ಲಿದ್ದು, ಅಲ್ಲಿಂದಲೇ ಒಂದು ಎಸ್ಸೆಮ್ಮೆಸ್ ಹೋಗಬೇಕು. ಎಸ್ಸೆಮ್ಮೆಸ್ ಹೋಗದ ಟ್ಯಾಬ್ಲೆಟ್ಟಿನಲ್ಲಿ ಇಂಟರ್ನೆಟ್ ಎಷ್ಟೇ ಚೆನ್ನಾಗಿದ್ದರೂ ಈ ನೋಂದಣಿ ಮುಂದಕ್ಕೆ ಸಾಗದು. ಆದುದರಿಂದ ಟ್ಯಾಬ್ಲೆಟ್ಟಿಗೆ ಬೇರೊಂದು ನಂಬರ್ ಪಡೆಯುವುದು ಸೂಕ್ತ.

ಎಲೆಯ ನರ ಕಾಣಬೇಕು

ಬೆಳೆಯ ರೋಗದ ಫೋಟೋಗಳು ದಿನವೂ ನಮಗೆ ಬರುತ್ತವೆ. ಅವುಗಳಲ್ಲಿ ಎಷ್ಟೋ ಚಿತ್ರಗಳಲ್ಲಿ ಹಸಿರು ಮಬ್ಬು ಬಿಟ್ಟು ಬೇರೇನೂ ಕಾಣುವುದಿಲ್ಲ. ತಪ್ಪು ರೈತರದಲ್ಲ. ಅಗ್ಗದ ಕೆಲವು ಟ್ಯಾಬ್ಲೆಟ್‌ಗಳ ಹಿಂದಿನ ಕ್ಯಾಮೆರಾ ದೂರದ್ದನ್ನು ಮಾತ್ರ ಸ್ಪಷ್ಟವಾಗಿ ತೋರುವಂತೆ ಒಂದೇ ಸ್ಥಿತಿಯಲ್ಲಿ ನಿಂತಿರುತ್ತದೆ. ಹತ್ತಿರದ ಎಲೆ, ಅದರ ಮೇಲಿನ ಚುಕ್ಕೆ, ಅಡಿಯಲ್ಲಿರುವ ಥ್ರಿಪ್ಸ್ ಅದಕ್ಕೆ ಸಿಗವು. ‘ಆಟೋ ಫೋಕಸ್’ ಇರುವ ಕ್ಯಾಮೆರಾ ಬೇಕು. ಅಂಗಡಿಯಲ್ಲಿ ಒಂದು ವೀಳ್ಯದೆಲೆಯನ್ನೋ, ಏನೂ ಇಲ್ಲದಿದ್ದರೆ ಒಂದು ನೋಟನ್ನೋ ಗೇಣು ದೂರದಲ್ಲಿ ಹಿಡಿದು, ಪರದೆಯ ಮೇಲೆ ಅದನ್ನು ಮುಟ್ಟಿ, ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಎಲೆಯ ನರ, ನೋಟಿನ ಸಣ್ಣ ಅಕ್ಷರ ಸ್ಪಷ್ಟವಾಗಿ ಕಾಣಬೇಕು. ಇಷ್ಟು ಮೆಗಾಪಿಕ್ಸೆಲ್ ಅಷ್ಟು ಮೆಗಾಪಿಕ್ಸೆಲ್ ಎಂಬ ಜಾಹೀರಾತಿಗಿಂತ ಈ ಒಂದು ಚಿತ್ರ ಹೆಚ್ಚು ಹೇಳುತ್ತದೆ. ಎಲೆಯನ್ನು ಸರಿಯಾಗಿ ನೋಡದೆ ಔಷಧಿ ಹೇಳುವುದು ನಮಗೂ ಕಷ್ಟ, ತಪ್ಪು ಔಷಧಿಯ ಖರ್ಚು ನಿಮಗೇ ನಷ್ಟ.

ಹೊಲದಲ್ಲಿ ಬಳಸುವವರು ಜಿಪಿಎಸ್ ಇದೆಯೇ ಎಂದೂ ನೋಡಬೇಕು. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ‘ದಿಶಾಂಕ್’, ಬೆಳೆ ಸಮೀಕ್ಷೆಯ ಆ್ಯಪ್, ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ‘ದಾಮಿನಿ’ ಇವೆಲ್ಲಕ್ಕೂ ನೀವಿರುವ ಸ್ಥಳ ಯಂತ್ರಕ್ಕೆ ತಿಳಿಯಬೇಕು. ಅಂಗಡಿಯಿಂದ ಹೊರಗೆ ಬಿಸಿಲಿಗೆ ಬಂದು ನಕ್ಷೆ ತೆರೆದರೆ ಎರಡು ಪರೀಕ್ಷೆ ಒಟ್ಟಿಗೇ ಆಗುತ್ತವೆ. ಸ್ಥಳ ಸರಿಯಾಗಿ ತೋರುವುದೇ ಎಂಬುದೊಂದು, ಮಧ್ಯಾಹ್ನದ ಬಿಸಿಲಿನಲ್ಲಿ ಪರದೆ ಓದಲು ಬರುವುದೇ ಎಂಬುದಿನ್ನೊಂದು. ಹೊಳಪನ್ನು ಪೂರ್ತಿ ಏರಿಸಿದರೂ ಮುಖ ಮಾತ್ರ ಕಾಣುವ ಪರದೆ ಹೊಲಕ್ಕೆ ಆಗದು.

ಉಳಿದ ವಿವರಗಳು ಬೇಗ ಮುಗಿಯುತ್ತವೆ. ರ‍್ಯಾಮ್ 4 ಜಿಬಿಗೆ ಕಡಿಮೆ ಬೇಡ, ಸಂಗ್ರಹ 64 ಜಿಬಿ ಇರಲಿ. 8 ಅಂಗುಲದ್ದು ಒಂದು ಕೈಗೆ ಹಿಡಿಯುತ್ತದೆ, 10-11 ಅಂಗುಲದ್ದನ್ನು ಮೇಜಿನ ಮೇಲೋ ತೊಡೆಯ ಮೇಲೋ ಇಡಬೇಕು. ಬ್ಯಾಟರಿ ಸಣ್ಣದರಲ್ಲಿ 5,000, ದೊಡ್ಡದರಲ್ಲಿ 7,000 ಎಂಎಎಚ್ ಸುತ್ತಮುತ್ತ ಇದ್ದರೆ ಸಾಕು. ಮೆಮೊರಿ ಕಾರ್ಡು ಮತ್ತು ಸಿಮ್ ಒಂದೇ ತಟ್ಟೆಯಲ್ಲಿ ಬರುವ ಕಡೆ, ಎರಡು ಸಿಮ್ ಹಾಕಿದರೆ ಕಾರ್ಡಿಗೆ ಜಾಗ ಇರುವುದೇ ಎಂದು ಕೇಳಿಕೊಳ್ಳಿ. ಆ್ಯಂಡ್ರಾಯ್ಡ್ ಹಳೆಯದಾದಂತೆ ಬ್ಯಾಂಕಿನ ಆ್ಯಪ್‌ಗಳು ಕೈಕೊಡುವುದರಿಂದ, ಎಷ್ಟು ವರ್ಷ ಸುರಕ್ಷತಾ ತಿದ್ದುಪಡಿ ಕೊಡುತ್ತಾರೆಂದು ಕಂಪನಿಯವರು ಬರೆದು ಹೇಳಿರುವುದನ್ನೇ ಆರಿಸಿ.

ಕಡಿಮೆ ಬೆಲೆಯ ಟ್ಯಾಬ್ಲೆಟ್‌ಗಳು ಸಾಮಾನ್ಯವಾಗಿ ನೀರನ್ನು ತಡೆಯುವುದಿಲ್ಲ. ಔಷಧಿ ಸಿಂಪಡಿಸುವ ದಿನ, ಮಳೆಯ ದಿನ ಪಾರದರ್ಶಕವಾದ ತೆಳು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಮಡಿಸಿದರೆ ಹೊರಗಿನಿಂದಲೇ ಬೆರಳಾಡಿಸಬಹುದು. ಬೆರಳು ಮಾತ್ರ ಒಣಗಿರಬೇಕು. ಚೈತ್ರ ವೈಶಾಖದ ಬಿಸಿಲಿನಲ್ಲಿ ಟ್ರ್ಯಾಕ್ಟರಿನ ಸೀಟಿನ ಮೇಲೆ ಬಿಟ್ಟುಹೋಗಬೇಡಿ, ಬ್ಯಾಟರಿ ಉಬ್ಬುತ್ತದೆ.

ಬಿಲ್ಲು ಪಡೆಯುವಾಗ ಅದರಲ್ಲಿ ಮಾದರಿ ಸಂಖ್ಯೆಯನ್ನೂ ಐಎಂಇಐ ಸಂಖ್ಯೆಯನ್ನೂ ಬರೆಸಿಕೊಳ್ಳಿ. ‘ಸಾಮಾನ್ಯ ಕರೆ ಮಾಡುವ ಸೌಲಭ್ಯ ಇದೆ’ ಎಂಬ ಒಂದು ಸಾಲನ್ನೂ ಅಂಗಡಿಯವರ ಕೈಯಿಂದಲೇ ಬರೆಸಿ ಮೊಹರು ಹಾಕಿಸಿ. ಪೆಟ್ಟಿಗೆಯನ್ನು ಅವರ ಎದುರಿನಲ್ಲಿಯೇ ಒಡೆದು, ನಿಮ್ಮ ಸಿಮ್ ಹಾಕಿ, ಮನೆಗೆ ಇನ್ನೊಮ್ಮೆ ಕರೆ ಮಾಡಿ ಹೊರಡಿ. ಆಗದಿದ್ದರೆ ಪೆಟ್ಟಿಗೆ ಒಡೆದದ್ದು ಯಾರೆಂಬ ಮಾತು ಬರುವುದಿಲ್ಲ.